ಟ್ಯೂನರ್ ಸರಿ ಅನ್ನುತ್ತೆ, ಕಿವಿ ಒಪ್ಪಲ್ಲ: ಪೆಡಲ್ ಸ್ಟೀಲ್ ಗಿಟಾರ್‌ಗೆ ಹೊಸ ಟ್ಯೂನರ್ ಕೊಳ್ಳುವ ಮುಂಚೆ

"ಅಣ್ಣ, ನನ್ನ ಟ್ಯೂನರ್ ಕೆಟ್ಟುಹೋಗಿದೆ ಅನ್ಸುತ್ತೆ. ಹೊಸದು ಯಾವುದು ತಗೊಳ್ಳಲಿ?"

ಹೋದ ತಿಂಗಳು ಡಲ್ಲಾಸ್‌ನಿಂದ ಒಬ್ಬ ಹುಡುಗ ಫೋನ್ ಮಾಡಿ ಕೇಳಿದ. ಹಾಸನದ ಕಡೆಯವನು. ಕೆಲಸಕ್ಕೆಂದು ಬಂದು, ಇಲ್ಲಿನ ಕಂಟ್ರಿ ಸಂಗೀತದ ಹುಚ್ಚು ಹಿಡಿದು, ಒಂದು ಹಳೇ ಪೆಡಲ್ ಸ್ಟೀಲ್ ಗಿಟಾರ್ ಕೊಂಡಿದ್ದಾನೆ. ಕಾಲುಗಳ ಮೇಲೆ ಅಡ್ಡಲಾಗಿ ನಿಲ್ಲಿಸಿ, ತಂತಿಯ ಮೇಲೆ ಬಾರ್ ಅನ್ನುವ ಉಕ್ಕಿನ ತುಂಡನ್ನು ಜಾರಿಸುತ್ತಾ, ಪಾದದ ಪೆಡಲ್ ಮತ್ತು ಮೊಣಕಾಲಿನ ಲಿವರ್‌ಗಳಿಂದ ತಂತಿಯ ಸ್ವರ ಏರಿಸಿ ಇಳಿಸುವ ವಾದ್ಯ ಅದು. ಹತ್ತೂ ತಂತಿಯನ್ನು, ಸ್ವರ ಅಳೆದು ತೋರಿಸುವ ಟ್ಯೂನರ್‌ನಲ್ಲಿ ಹಸಿರು ದೀಪ ಹತ್ತುವ ತನಕ ಕೂಡಿಸಿದ್ದಾನಂತೆ. ಒಂದೊಂದೇ ಮೀಟಿದರೆ ಚೆನ್ನಾಗಿದೆ. ಮೂರು ಒಟ್ಟಿಗೆ ಮೀಟಿದರೆ ಕಿವಿಗೆ ಚುಚ್ಚುತ್ತೆ.

ನಾನಿರುವುದು ಅಮೆರಿಕದ ಟೆನೆಸಿ ರಾಜ್ಯದಲ್ಲಿ. ಈ ವಾದ್ಯದ ಹತ್ತು ತಂತಿಗೆ ಇ-9 ಅನ್ನುವ ಸ್ವರಗಳ ಏರ್ಪಾಡಿದೆ, ಅದನ್ನು ಇಲ್ಲಿನ ನಾಶ್‌ವಿಲ್ ಊರಿನ ಹೆಸರಲ್ಲಿ ನಾಶ್‌ವಿಲ್ ಶ್ರುತಿ ಅಂತಲೇ ಕರೆಯುತ್ತಾರೆ. ಹೊಸದಾಗಿ ಕಲಿಯುವವರು ಬಹುತೇಕ ಎಲ್ಲರೂ ಈ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಕೇಳುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ದುಡ್ಡು ಖರ್ಚು ಮಾಡುವ ಮುಂಚೆ ಅರ್ಧ ಗಂಟೆ ವಾದ್ಯದ ಮುಂದೆ ಕೂತು ದೋಷ ಎಲ್ಲಿದೆ ಅಂತ ಹುಡುಕಿ. ಅದು ಟ್ಯೂನರ್‌ನಲ್ಲಿರಬಹುದು, ತಂತಿಯಲ್ಲಿರಬಹುದು, ವಾದ್ಯದ ಯಂತ್ರದಲ್ಲಿರಬಹುದು. ಎಷ್ಟೋ ಸಲ ಎಲ್ಲೂ ಇರುವುದಿಲ್ಲ. ಟ್ಯೂನರ್ ತನ್ನ ಲೆಕ್ಕ ಹೇಳುತ್ತಿರುತ್ತದೆ, ಕಿವಿ ತನ್ನ ಲೆಕ್ಕ ಹೇಳುತ್ತಿರುತ್ತದೆ, ಅಷ್ಟೇ.

ಮೊದಲು ಟ್ಯೂನರ್‌ನ್ನೇ ಪರೀಕ್ಷಿಸಿ

ಪರದೆಯ ಮೂಲೆಯಲ್ಲಿ 440 ಅಂತ ಇದೆಯಾ ನೋಡಿ. ಪಾಶ್ಚಾತ್ಯ ಸಂಗೀತದ ಎ ಸ್ವರ ಸೆಕೆಂಡಿಗೆ 440 ಸಲ, ಅಂದರೆ 440 ಹರ್ಟ್ಜ್, ಕಂಪಿಸಬೇಕು ಅನ್ನುವ ಆಧಾರ ಅದು. ಬ್ಯಾಗಿನಲ್ಲಿ ಗುಂಡಿ ಒತ್ತಿಕೊಂಡು ಅದು 438ಕ್ಕೋ 443ಕ್ಕೋ ಜಾರಿರುವುದು ತುಂಬಾ ಸಾಮಾನ್ಯ. ಒಂದು ಹರ್ಟ್ಜ್ ಅಂದರೆ ಹತ್ತಿರಹತ್ತಿರ ನಾಲ್ಕು ಸೆಂಟ್. ಪಕ್ಕದ ಎರಡು ಸ್ವರಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಅನ್ನುತ್ತಾರೆ. ಮೂರು ಹರ್ಟ್ಜ್ ತಪ್ಪಿದರೆ ಹನ್ನೆರಡು ಸೆಂಟ್ ಹೋಯಿತು.

ಬ್ಯಾಟರಿ, ಕೇಬಲ್, ಜ್ಯಾಕ್ ಬದಲಿಸಿ ನೋಡಿ. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ.

ಆಮೇಲೆ ಎಲ್ಲಾ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸಿ, ಯಾವ ತಂತಿಯನ್ನೂ ಮೀಟದೆ ಟ್ಯೂನರ್ ನೋಡುತ್ತಾ ಇರಿ. ಎ ಶಾರ್ಪ್ (ಎ ಸ್ವರಕ್ಕಿಂತ ಒಂದು ಮೆಟ್ಟಿಲು ಮೇಲಿನದು), ಬಿ, ಎ ಶಾರ್ಪ್, ಬಿ ಅಂತ ಹೊಯ್ದಾಡುತ್ತಿದೆಯಾ? ಹಾಗಾದರೆ ಅದು ಓದುತ್ತಿರುವುದು ತಂತಿಯನ್ನಲ್ಲ, ಮನೆಯ ಕರೆಂಟನ್ನು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್. ಅದು ಸರಿಯಾಗಿ ಎ ಶಾರ್ಪ್ ಮತ್ತು ಬಿ ಸ್ವರಗಳ ನಟ್ಟನಡುವೆ ಬೀಳುತ್ತದೆ. ಅದರ ಇಮ್ಮಡಿಯೂ ಅಷ್ಟೇ. ಊರಲ್ಲಿ ತೊಡೆಯ ಮೇಲಿಟ್ಟುಕೊಳ್ಳುವ ಲ್ಯಾಪ್ ಸ್ಟೀಲ್ ಗಿಟಾರ್ ನುಡಿಸುವವರಿಗೆ ಬೇರೆ ಗುರುತು. ಭಾರತದ ಕರೆಂಟು 50 ಹರ್ಟ್ಜ್, ಆದ್ದರಿಂದ ಟ್ಯೂನರ್ ಜಿ ಸ್ವರ ತೋರಿಸಿ, ಅದಕ್ಕಿಂತ ಸುಮಾರು 35 ಸೆಂಟ್ ಮೇಲಿದೆ ಅನ್ನುತ್ತದೆ. ತಂತಿಯ ಮಿಡಿತವನ್ನು ಹಿಡಿಯುವ ಪಿಕಪ್ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಆಗಿದ್ದರೆ ಕರೆಂಟಿನ ಈ ಗುಂಯ್ ಸದ್ದು ಇದ್ದೇ ಇರುತ್ತೆ. ಸ್ಟೂಲನ್ನು ಸ್ವಲ್ಪ ತಿರುಗಿಸಿ, ವಾದ್ಯವನ್ನು ಆಂಪ್‌ನಿಂದ ಎರಡು ಮಾರು ದೂರ ಎಳೆಯಿರಿ, ಕೋಣೆಯ ಡಿಮ್ಮರ್ ದೀಪ ಆರಿಸಿ. ಹೊಯ್ದಾಟ ನಿಂತರೆ ಟ್ಯೂನರ್ ಚೆನ್ನಾಗಿದೆ ಅಂತ ಅರ್ಥ.

ಕೊನೆಯದಾಗಿ ಒಂದು ಪರೀಕ್ಷೆ. ತಂತಿ ಬಿಗಿಯುವ ಕೀಯನ್ನು ಕೂದಲೆಳೆಯಷ್ಟು ತಿರುಗಿಸಿ. ಹಸಿರು ದೀಪ ಹಾಗೇ ಇದೆಯಾ? ಇನ್ನೊಂದು ಚೂರು ತಿರುಗಿಸಿ. ಈಗಲೂ ಇದೆಯಾ? ಅಗ್ಗದ ಟ್ಯೂನರ್‌ಗಳಲ್ಲಿ ತಂತಿಯ ಸ್ವರ ಸರಿದದ್ದು ಕಿವಿಗೆ ಗೊತ್ತಾದ ಮೇಲೂ ಹಸಿರು ಆರುವುದಿಲ್ಲ. ಆರು ತಂತಿಯ ಮಾಮೂಲಿ ಗಿಟಾರ್‌ಗೆ ಅಷ್ಟು ಸಾಕು. ಇಲ್ಲಿ ಸಾಲದು. ಇದು ಟ್ಯೂನರ್ ಬದಲಿಸಲು ನ್ಯಾಯವಾದ ಕಾರಣ.

ಮುಳ್ಳು ಕುಣಿಯುತ್ತೆ, ನಿಲ್ಲುವುದೇ ಇಲ್ಲ

ಇದು ಹೆಚ್ಚಾಗಿ ಕೈಯ ವಿಷಯ. ಪೆಡಲ್ ಸ್ಟೀಲ್‌ನಲ್ಲಿ ಒಂದು ತಂತಿ ಮೀಟಿದರೆ ಮಿಕ್ಕವೂ ಜೊತೆಗೆ ಸಣ್ಣಗೆ ಮಿಡಿಯುತ್ತವೆ. ಅವನ್ನು ಎಡಗೈಯಿಂದ ಅಡಗಿಸದಿದ್ದರೆ ಟ್ಯೂನರ್ ಗೊಂದಲಕ್ಕೆ ಬೀಳುತ್ತೆ.

ಮೀಟಿದ ಕೂಡಲೇ ಸ್ವರ ಸ್ವಲ್ಪ ಮೇಲಿದ್ದು ಆಮೇಲೆ ಇಳಿದು ನಿಲ್ಲುತ್ತದೆ. ಬೆರಳಿಗೆ ಹಾಕುವ ಲೋಹದ ಪಿಕ್‌ನಿಂದ ಜೋರಾಗಿ ಮೀಟಿದರೆ ಇದು ಇನ್ನೂ ಜಾಸ್ತಿ. ಆದ್ದರಿಂದ ನೀವು ಹಾಡಿಗೆ ಎಷ್ಟು ಜೋರಾಗಿ ಮೀಟುತ್ತೀರೋ ಅಷ್ಟೇ ಜೋರಾಗಿ ಮೀಟಿ, ಒಂದು ಕ್ಷಣ ಬಿಟ್ಟು ಓದಿ.

ಹತ್ತನೇ ತಂತಿ ಬಿ. ಟ್ಯೂನರ್ ಎಫ್ ಶಾರ್ಪ್ ಅಂತ ತೋರಿಸಿದರೆ ಗಾಬರಿ ಬೇಡ. ದಪ್ಪ ತಂತಿಯಲ್ಲಿ ಮೂಲ ಸ್ವರಕ್ಕಿಂತ ಅದರ ಮೂರನೇ ಹಾರ್ಮೋನಿಕ್ (ಮೂಲದ ಮೂರು ಪಟ್ಟು ವೇಗದ ಉಪಸ್ವರ) ಜೋರಾಗಿ ಬಂದಾಗ ಟ್ಯೂನರ್ ಅದನ್ನೇ ಹಿಡಿದುಕೊಳ್ಳುತ್ತದೆ. ಬಿ ಸ್ವರಕ್ಕೆ ಅದು ಪಂಚಮ, ಅಂದರೆ ಎಫ್ ಶಾರ್ಪ್. ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸದಿಂದ, ಹನ್ನೆರಡನೇ ಫ್ರೆಟ್ ಗುರುತಿನ ಹತ್ತಿರ ಮೀಟಿ. ಸರಿಹೋಗುತ್ತೆ.

ಪೆಡಲ್ ಬಿಟ್ಟ ಮೇಲೆ ತಂತಿ ಮೊದಲಿನ ಜಾಗಕ್ಕೆ ಬರುವುದಿಲ್ಲ

ಇಲ್ಲಿ ಟ್ಯೂನರ್ ನಿಮಗೆ ಸಾಕ್ಷಿ. ಆರನೇ ತಂತಿ ಜಿ ಶಾರ್ಪ್ ತೆಗೆದುಕೊಳ್ಳಿ. ಪೆಡಲ್ ಒತ್ತದೆ ಖಾಲಿ ಮೀಟಿ, ಎಷ್ಟಿದೆ ಬರೆದುಕೊಳ್ಳಿ. ಎ, ಬಿ, ಸಿ ಅಂತ ಕರೆಯುವ ಮೂರು ಪೆಡಲ್‌ಗಳಲ್ಲಿ ಈ ತಂತಿಯನ್ನು ಏರಿಸುವ ಬಿ ಪೆಡಲ್ ಒತ್ತಿ ಬಿಡಿ, ಮತ್ತೆ ಮೀಟಿ. ಈಗ ಅದೇ ತಂತಿಯನ್ನು ಕೆಳಗಿಳಿಸುವ ಲಿವರ್ ಇದ್ದರೆ ಅದನ್ನು ಮೊಣಕಾಲಿನಿಂದ ತಳ್ಳಿ ಬಿಡಿ, ಮತ್ತೆ ಮೀಟಿ. ಮೂರು ಸಲವೂ ಒಂದೇ ಅಂಕಿ ಬಂದರೆ ವಾದ್ಯ ಆರೋಗ್ಯವಾಗಿದೆ. ಮೇಲಿನಿಂದ ಇಳಿದಾಗ ಒಂದು, ಕೆಳಗಿನಿಂದ ಏರಿದಾಗ ಒಂದು ಅಂತ ಬಂದರೆ ಎಲ್ಲೋ ಹಿಡಿಯುತ್ತಿದೆ. ಕೀಗಳ ಪಕ್ಕ ತಂತಿ ಹಾಯುವ ನಟ್ ರೋಲರ್‌ನ ಕೊಳೆ, ಬಲತುದಿಯಲ್ಲಿ ತಂತಿಯನ್ನು ಎಳೆದು ಸಡಿಲಿಸುವ ಚೇಂಜರ್‌ನಲ್ಲಿ ಒಣಗಿದ ಎಣ್ಣೆ, ಸೋತ ಸ್ಪ್ರಿಂಗ್. ಎಷ್ಟು ದುಬಾರಿ ಟ್ಯೂನರ್ ತಂದರೂ ಇದು ವಾಸಿಯಾಗಲ್ಲ.

ಇನ್ನೊಂದು ತಪ್ಪು ಹೊಸಬರು ಪದೇ ಪದೇ ಮಾಡುತ್ತಾರೆ. ಖಾಲಿ ತಂತಿಗಳನ್ನು ಎಡಗಡೆಯ ಕೀಗಳಿಂದ ಕೂಡಿಸಬೇಕು. ಪೆಡಲ್ ಒತ್ತಿದಾಗಿನ ಸ್ವರವನ್ನು ಬಲತುದಿಯ ನೈಲಾನ್ ನಟ್‌ಗಳಿಂದ ಕೂಡಿಸಬೇಕು. ಯಾವಾಗಲೂ ಕೀ ಮೊದಲು, ನಟ್ ಆಮೇಲೆ. ನಟ್‌ನ್ನು ಅತಿಯಾಗಿ ಬಿಗಿದರೆ ಅದರ ಸರಳು ಚೇಂಜರ್‌ನಲ್ಲಿ ತಂತಿ ಹಿಡಿದ ಬೆರಳಿನಂಥ ತುಂಡನ್ನು ಸದಾ ಎಳೆದೇ ಹಿಡಿದಿರುತ್ತದೆ, ಅದು ತನ್ನ ನಿಲುಗಡೆಗೆ ಬಂದು ಕೂರುವುದಿಲ್ಲ. ಆಗ ಪೆಡಲ್ ಸ್ವರ ಸರಿ ಮಾಡಲು ಹೋದರೆ ಖಾಲಿ ತಂತಿಯೂ ಜರುಗುತ್ತೆ. ಒಂದನ್ನು ಕೂಡಿಸಿದರೆ ಇನ್ನೊಂದು ಕೆಡುತ್ತೆ, ಸುಮ್ನೆ ರಾತ್ರಿಯೆಲ್ಲಾ ಸುತ್ತುತ್ತಾ ಇರುತ್ತೀರಿ. ಪೆಡಲ್ ಮುಟ್ಟದೆ ನಟ್‌ನ್ನು ಬೆರಳಲ್ಲಿ ಅಲುಗಿಸಿ ನೋಡಿ. ಒಂದಿಷ್ಟು ಸಡಿಲ ಇರಲೇಬೇಕು.

ಎಲ್ಲಾ ಸೊನ್ನೆಯಲ್ಲಿದೆ, ಆದರೂ ಸೇರುತ್ತಿಲ್ಲ

ಡಲ್ಲಾಸ್ ಹುಡುಗನ ಸಮಸ್ಯೆ ಇದೇ. ಫೋನ್‌ನಲ್ಲೇ ಅವನಿಗೆ ಹೇಳಿದೆ: "ಎಂಟನೇ ತಂತಿ ಇ, ಆರನೇ ತಂತಿ ಜಿ ಶಾರ್ಪ್. ಎರಡನ್ನೂ ಒಟ್ಟಿಗೆ ಮೀಟಿ ಬಿಟ್ಟುಬಿಡು. ಮಾತಾಡಬೇಡ, ಕೇಳು."

ಕೇಳಿಸಿತು. ಫೋನ್‌ನ ಸಣ್ಣ ಸ್ಪೀಕರ್‌ನಲ್ಲೂ ಸ್ಪಷ್ಟವಾಗಿ ವವವವವ ಅಂತ ಒಂದು ನಡುಕ. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಆರೂವರೆ ಅಲೆ. ನಾಲ್ಕನೇ ಮತ್ತು ಮೂರನೇ ತಂತಿಯಲ್ಲಿ ಅದೇ ಜೋಡಿ ಒಂದು ಸ್ಥಾಯಿ ಮೇಲಿದೆ, ಅಲ್ಲಿ ಹದಿಮೂರು ಅಲೆ.

"ಈಗ ಟ್ಯೂನರ್ ಆರಿಸು. ಆರನೇ ತಂತಿಯ ಕೀಯನ್ನು ನಿಧಾನಕ್ಕೆ ಇಳಿಸು."

ವವವವವ ಅನ್ನುತ್ತಿದ್ದದ್ದು ವಂ, ವಂ ಆಯಿತು. ಆಮೇಲೆ ವಂ......ವಂ. ಆಮೇಲೆ ಅಲೆಯೇ ಇಲ್ಲ. ಎರಡು ತಂತಿ ಒಂದೇ ಸ್ವರದಂತೆ ಕೂತುಬಿಟ್ಟವು. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಣ್ಣ, ಈಗ ಟ್ಯೂನರ್ ಹಾಕಿದರೆ ಕೆಂಪು ತೋರಿಸ್ತಿದೆ. ಹದಿನಾಲ್ಕು ಕೆಳಗೆ ಅಂತಿದೆ" ಅಂದ.

ಹದಿನಾಲ್ಕೇ ಇರಬೇಕು. ಟ್ಯೂನರ್ ಸೊನ್ನೆ ಅನ್ನುವುದು ಪಿಯಾನೋದ ಲೆಕ್ಕ. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ, ಪ್ರತಿ ಸ್ವರಕ್ಕೂ ನೂರು ಸೆಂಟ್ ಹಂಚಿದ ಲೆಕ್ಕ. ಇ ಷಡ್ಜವಾದರೆ ಜಿ ಶಾರ್ಪ್ ಅಂತರ ಗಾಂಧಾರ. ಆ ಲೆಕ್ಕದಲ್ಲಿ ಷಡ್ಜದಿಂದ ಅದಕ್ಕೆ 400 ಸೆಂಟ್. ಆದರೆ ತಂತಿಯ ಸ್ವಭಾವದಲ್ಲಿರುವ ಗಾಂಧಾರ 386ರಲ್ಲಿ ಸಿಗುತ್ತದೆ. ಷಡ್ಜದ ಐದು ಪಟ್ಟು, ಗಾಂಧಾರದ ನಾಲ್ಕು ಪಟ್ಟು ಒಂದೇ ಆಗುವ ಜಾಗ ಅದು.

ಇದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ತಂಬೂರಿಯನ್ನು ಚೆನ್ನಾಗಿ ಕೂಡಿಸಿ ಮೀಟಿದರೆ ಯಾವ ತಂತಿಗೂ ಕಟ್ಟದ ಗಾಂಧಾರ ತಾನಾಗಿಯೇ ಹೊರಡುತ್ತೆ. ಸ್ವಯಂಭೂ ಗಾಂಧಾರ ಅನ್ನುತ್ತೇವಲ್ಲ, ಅದೇ. ನಮ್ಮಮ್ಮ ಬೆಳಿಗ್ಗೆ ತಂಬೂರಿಗೆ ಜೀವಾಳಿ ಸರಿಮಾಡುತ್ತಾ, ಬೆರಳಿನಿಂದ ದಾರವನ್ನು ಅಕ್ಕಿಕಾಳಿನಷ್ಟು ಸರಿಸುತ್ತಾ, ಆ ಗಾಂಧಾರ ಅರಳುವ ತನಕ ಕಾಯುತ್ತಿದ್ದಳು. ಅದು ಬಂದ ಕೂಡಲೇ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪೆಡಲ್ ಸ್ಟೀಲ್‌ನ ಜಿ ಶಾರ್ಪ್ ತಂತಿ ಕೂಡಿಸುವಾಗ ನಾನು ಇವತ್ತಿಗೂ ಕಾಯುವುದು ಅದೇ ಸ್ವರಕ್ಕೆ. ಉಕ್ಕಿನ ಬಾರ್ ಬದಲು ಗೋಟು ಹಿಡಿದು ಗೋಟುವಾದ್ಯ ನುಡಿಸುವವರಿಗೂ ಇದು ಕೂಡಲೇ ಅರ್ಥವಾಗುತ್ತೆ.

ಮಾಮೂಲಿ ಗಿಟಾರ್‌ನಲ್ಲಿ ಈ ತಕರಾರು ಇಷ್ಟು ಕಾಡುವುದಿಲ್ಲ. ಅಲ್ಲಿ ಸ್ವರ ಬೇಗ ಆರಿಹೋಗುತ್ತೆ. ಪೆಡಲ್ ಸ್ಟೀಲ್‌ನಲ್ಲಿ ವಾಲ್ಯೂಮ್ ಪೆಡಲ್ ಒತ್ತುತ್ತಾ ಮೂರು ಸ್ವರವನ್ನು ಹತ್ತು ಸೆಕೆಂಡ್ ಎಳೆಯುತ್ತೇವೆ. ಅಲೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಬಾರನ್ನು ಹಿಂದೆ ಮುಂದೆ ಸರಿಸಿ ಸರಿಮಾಡೋಣ ಅಂದರೆ ಅದು ಎಲ್ಲಾ ತಂತಿಗಳನ್ನೂ ಒಟ್ಟಿಗೆ ಸರಿಸುತ್ತದೆ. ತಂತಿ ತಂತಿಯ ನಡುವಿನ ಜಗಳ ಹಾಗೇ ಉಳಿಯುತ್ತೆ.

ಇ ಸ್ವರವನ್ನು ಸೊನ್ನೆ ಅಂತ ಇಟ್ಟುಕೊಂಡರೆ, ಅಲೆ ಇಲ್ಲದ ಲೆಕ್ಕ ಹೀಗೆ ಬರುತ್ತದೆ. ಬಿ ಎರಡು ಸೆಂಟ್ ಮೇಲೆ. ಜಿ ಶಾರ್ಪ್ ಹದಿನಾಲ್ಕು ಕೆಳಗೆ. ಡಿ ಶಾರ್ಪ್ ಹನ್ನೆರಡು ಕೆಳಗೆ. ಎ ಮತ್ತು ಬಿ ಪೆಡಲ್ ಒತ್ತಿದಾಗ ಎ ಸ್ವರ ಎರಡು ಕೆಳಗೆ, ಸಿ ಶಾರ್ಪ್ ಹದಿನಾರು ಕೆಳಗೆ. ಇ ತಂತಿಯನ್ನು ಎಫ್‌ಗೆ ಏರಿಸುವ ಮೊಣಕಾಲ ಲಿವರ್ ಇದೆಯಲ್ಲ, ಅದನ್ನು ಎ ಪೆಡಲ್ ಜೊತೆ ಇಂಪಾಗಿಸಲು ಹೋದರೆ ಇಪ್ಪತ್ತೊಂಬತ್ತು ಸೆಂಟ್ ಕೆಳಗೆ! ಟ್ಯೂನರ್‌ನ ಮುಳ್ಳು ಅಲ್ಲಿ ಎಲ್ಲೋ ಮೂಲೆಯಲ್ಲಿರುತ್ತೆ. ಕಿವಿ ಮಾತ್ರ ಸರಿ ಅನ್ನುತ್ತೆ.

ಎಫ್ ಶಾರ್ಪ್ ಒಂದು ಮಾತ್ರ ಯಾವ ಲೆಕ್ಕಕ್ಕೂ ಬಗ್ಗುವುದಿಲ್ಲ. ಬಿ ತಂತಿಯ ಜೊತೆ ಅದು ನಾಲ್ಕು ಸೆಂಟ್ ಮೇಲಿರಬೇಕು. ಎರಡೂ ಪೆಡಲ್ ಒತ್ತಿದಾಗ ಎ ಮತ್ತು ಸಿ ಶಾರ್ಪ್ ಜೊತೆ ಅದೇ ತಂತಿ ಹದಿನೆಂಟು ಕೆಳಗಿರಬೇಕು. ಎರಡಕ್ಕೂ ಇಪ್ಪತ್ತೆರಡು ಸೆಂಟ್ ಅಂತರ. ಇ ಷಡ್ಜವಾದರೆ ಇದು ರಿಷಭ. ತ್ರಿಶ್ರುತಿ, ಚತುಶ್ರುತಿ ಅಂತ ಅದಕ್ಕೆ ಎರಡು ಜಾಗ ಇದೆ ಅಂತ ನಮ್ಮವರು ಹೇಳುವುದು ಇದನ್ನೇ. ಪೆಡಲ್ ಒತ್ತಿದಾಗ ಈ ತಂತಿಯನ್ನು ತುಸು ಇಳಿಸುವ ಕಾಂಪೆನ್ಸೇಟರ್ ಅನ್ನುವ ಹೆಚ್ಚುವರಿ ಸರಳನ್ನು ಕೆಲವರು ಹಾಕಿಸಿಕೊಳ್ಳುತ್ತಾರೆ. ಅದಿಲ್ಲದವರು ನಡುವೆ ಎಲ್ಲೋ ಒಪ್ಪಂದಕ್ಕೆ ಬರಬೇಕು.

ಹಾಗಂತ ಸೊನ್ನೆಗೆ ಇಡುವುದೇ ತಪ್ಪು ಅಂತಲ್ಲ. ಈ ವಾದ್ಯಕ್ಕೆ ಇವತ್ತಿನ ರೂಪ ಕೊಟ್ಟವರಲ್ಲಿ ಮುಖ್ಯರಾದ ಬಡ್ಡಿ ಎಮನ್ಸ್ ಅವರೇ ಆಮೇಲಿನ ವರ್ಷಗಳಲ್ಲಿ ಪಿಯಾನೋ ಲೆಕ್ಕಕ್ಕೇ ವಾದ್ಯ ಕೂಡಿಸುತ್ತಿದ್ದರು. ಪಕ್ಕದಲ್ಲಿ ಕೀಬೋರ್ಡ್ ಇದ್ದರೆ ಅದರಲ್ಲಿ ಒಂದು ಅನುಕೂಲವೂ ಇದೆ. ನನ್ನ ಕಿವಿ ತಂಬೂರಿಯ ಕಿವಿ, ಅದಕ್ಕೆ ಒಪ್ಪಲಿಲ್ಲ. ನೀವು ಎರಡನ್ನೂ ಒಂದೊಂದು ವಾರ ನುಡಿಸಿ ನೋಡಿ. ಬಹಳ ಜನ ನಡುದಾರಿ ಹಿಡಿಯುತ್ತಾರೆ: ಗಾಂಧಾರ ಏಳೆಂಟು ಸೆಂಟ್ ಮಾತ್ರ ಕೆಳಗೆ, ಅಲೆ ಇರುತ್ತೆ, ಆದರೆ ನಿಧಾನವಾಗಿ.

ಪೆಡಲ್ ಒತ್ತಿದರೆ, ಎಳೆಯದ ತಂತಿಯೂ ಇಳಿಯುತ್ತೆ

ಎಂಟನೇ ತಂತಿ ಇ ಮೀಟಿ, ಟ್ಯೂನರ್ ನೋಡುತ್ತಲೇ ಎ ಮತ್ತು ಬಿ ಪೆಡಲ್ ಎರಡನ್ನೂ ಒತ್ತಿ. ಆ ಪೆಡಲ್‌ಗಳು ಇ ತಂತಿಯನ್ನು ಮುಟ್ಟುವುದೇ ಇಲ್ಲ. ಆದರೂ ಮುಳ್ಳು ಕೆಲವು ಸೆಂಟ್ ಇಳಿಯಬಹುದು. ಬೇರೆ ನಾಲ್ಕು ತಂತಿ ಬಿಗಿಯಾದಾಗ ವಾದ್ಯದ ಮರದ ಒಡಲು ಕೂದಲೆಳೆಯಷ್ಟು ಬಾಗುತ್ತೆ, ಮಿಕ್ಕ ತಂತಿ ಸಡಿಲಾಗುತ್ತವೆ. ಇದಕ್ಕೆ ಕ್ಯಾಬಿನೆಟ್ ಡ್ರಾಪ್ ಅನ್ನುತ್ತಾರೆ. ಒಂದೆರಡು ಸೆಂಟ್ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಜಾಸ್ತಿ ಇಳಿದರೆ ಮೊದಲು ಕಾಲುಗಳ ಮತ್ತು ಒಡಲಿನ ಸ್ಕ್ರೂ ಬಿಗಿ ಇದೆಯಾ ನೋಡಿ. ಉಳಿದದ್ದಕ್ಕೆ ಖಾಲಿ ಇ ತಂತಿಯನ್ನು ಇಳಿತದ ಅರ್ಧದಷ್ಟು ಮೇಲಿಟ್ಟು ಹಂಚಿಕೊಳ್ಳುವುದೇ ದಾರಿ.

ಮನೆಯಲ್ಲಿ ಸರಿ, ವೇದಿಕೆಯಲ್ಲಿ ಕೆಡುತ್ತೆ

ಚಳಿಯ ಕಾರಿನಿಂದ ಬೆಚ್ಚಗಿನ ಹಾಲ್‌ಗೆ ತಂದ ವಾದ್ಯವನ್ನು ಕೂಡಲೇ ಶ್ರುತಿ ಮಾಡಬೇಡಿ. ಪೆಟ್ಟಿಗೆ ತೆರೆದಿಟ್ಟು ಅರ್ಧ ಗಂಟೆ ಬಿಡಿ. ತಂತಿ ಬೆಚ್ಚಗಾದರೆ ಸ್ವರ ಇಳಿಯುತ್ತೆ, ದೀಪದ ಬಿಸಿಗೆ ಇನ್ನೂ ಇಳಿಯುತ್ತೆ. ಫೋನಿನ ಟ್ಯೂನರ್ ಆ್ಯಪ್ ಮನೆಯಲ್ಲಿ ಪರವಾಗಿಲ್ಲ, ಡ್ರಮ್ ಸದ್ದಿನ ಪಕ್ಕದಲ್ಲಿ ಅದರ ಮೈಕಿಗೆ ಏನೂ ಕೇಳಿಸಲ್ಲ.

ಇಷ್ಟೆಲ್ಲಾ ನೋಡಿದ ಮೇಲೂ ಟ್ಯೂನರ್ ಬೇಕು ಅಂದರೆ

ನಾನು ಮೊದಲು ಕೇಳುವುದು ಒಂದೇ: ಪ್ರತಿ ಸ್ವರಕ್ಕೂ ನನ್ನದೇ ಅಂಕಿ ತುಂಬಿಸಿಟ್ಟುಕೊಳ್ಳಬಹುದಾ? ಜಿ ಶಾರ್ಪ್ ಮೀಟಿದಾಗ ಹದಿನಾಲ್ಕು ಕೆಳಗಿರುವುದನ್ನೇ ಅದು ಸೊನ್ನೆ ಅಂತ ತೋರಿಸಬೇಕು. ಆಗ ಕತ್ತಲ ವೇದಿಕೆಯಲ್ಲಿ ಲೆಕ್ಕ ನೆನಪಿಟ್ಟುಕೊಳ್ಳುವ ಕಷ್ಟ ಇಲ್ಲ. ಪೀಟರ್ಸನ್ ಕಂಪನಿಯ ಸ್ಟ್ರೋಬ್ ಟ್ಯೂನರ್‌ಗಳಲ್ಲಿ ಪೆಡಲ್ ಸ್ಟೀಲ್‌ನ ಇ-9 ಶ್ರುತಿಗೆ ಮತ್ತು ಸಿ-6 ಅನ್ನುವ ಇನ್ನೊಂದು ಶ್ರುತಿಗೆಂದೇ ಇಂಥ ಅಂಕಿ ತುಂಬಿಸಿ ಕೊಟ್ಟಿರುತ್ತಾರೆ. ನಿಮ್ಮದನ್ನೂ ಸೇರಿಸಬಹುದು. ನಿಖರತೆ ಸೆಂಟಿನ ಹತ್ತನೇ ಒಂದು ಪಾಲು. ಸ್ಟ್ರೋಬ್‌ನಲ್ಲಿ ಮುಳ್ಳಿನ ಬದಲು ಪಟ್ಟಿಗಳು ಹರಿಯುತ್ತವೆ. ಸ್ವರ ಮೇಲಿದ್ದರೆ ಒಂದು ಕಡೆ, ಕೆಳಗಿದ್ದರೆ ಇನ್ನೊಂದು ಕಡೆ, ಸರಿಯಾದರೆ ನಿಂತುಬಿಡುತ್ತವೆ. ಅಲೆ ನಿಧಾನವಾಗುವುದನ್ನು ಕಣ್ಣಲ್ಲಿ ನೋಡಿದ ಹಾಗೆ.

ಈ ತುಂಬಿಸಿ ಕೊಟ್ಟ ಅಂಕಿಗಳನ್ನು ಬಳಸುವಾಗ ಒಂದು ಎಚ್ಚರ. ಇ ತಂತಿಯನ್ನು ಮೇಲಿಡುವ ಏರ್ಪಾಡು ಅದರಲ್ಲೇ ಇರಬಹುದು. ಅದರ ಮೇಲೆ ನೀವು 440ನ್ನು 442 ಮಾಡಿದರೆ ಎರಡೆರಡು ಸಲ ಮೇಲೆ ಹೋಯಿತು.

ಹಳೇ ಮಾದರಿಯ ಟ್ಯೂನರ್‌ಗಳಲ್ಲಿ ಸೆಂಟ್ ಬದಲು ಹರ್ಟ್ಜ್ ಬದಲಿಸಿ ಕೆಲಸ ಮಾಡುತ್ತಿದ್ದರು. ಜಿ ಶಾರ್ಪ್ ಕೂಡಿಸುವಾಗ 440ನ್ನು 436ಕ್ಕೆ ಇಳಿಸಿದರೆ ಹದಿನಾರು ಸೆಂಟ್ ಕೆಳಗೆ, 437ಕ್ಕೆ ಇಟ್ಟರೆ ಹನ್ನೆರಡು ಕೆಳಗೆ. ನಮಗೆ ಬೇಕಾದ ಹದಿನಾಲ್ಕು ಎರಡರ ನಡುವೆ ಬಿದ್ದುಹೋಗುತ್ತೆ. ಅರ್ಧ ಹರ್ಟ್ಜ್ ಮೆಟ್ಟಿಲು ಇದ್ದರೆ 436.5 ಇಟ್ಟು ಸರಿದೂಗಿಸಬಹುದು. ಇಲ್ಲದಿದ್ದರೆ ಅಂಥದ್ದನ್ನು ಕೊಳ್ಳಬೇಡಿ. ಬಾಸ್ ಕಂಪನಿಯ ಟಿಯು-3 ಥರದ, ನೆಲದ ಮೇಲಿಡುವ ಪೆಡಲ್ ಟ್ಯೂನರ್ ಗಟ್ಟಿಮುಟ್ಟು, ಒಂದು ಸೆಂಟ್ ನಿಖರತೆ ಇದೆ. ಸೊನ್ನೆಗೇ ಕೂಡಿಸುವವರಿಗೆ ಅದು ಸಾಕು.

ವಾದ್ಯಕ್ಕೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಎರಡನೆಯದಾಗಿ ಇರಲಿ. ಕೇಬಲ್ ಚುಚ್ಚುವ ಟ್ಯೂನರ್ ಮೊದಲಿರಲಿ. ಅದನ್ನು ವಾಲ್ಯೂಮ್ ಪೆಡಲ್‌ನ ಟ್ಯೂನರ್ ಜ್ಯಾಕ್‌ಗೆ ಸಿಕ್ಕಿಸಿದರೆ, ವಾಲ್ಯೂಮ್ ಪೂರ್ತಿ ಇಳಿಸಿ ಸದ್ದಿಲ್ಲದೆ ಶ್ರುತಿ ಮಾಡಬಹುದು. ಆದರೆ ಕೆಲವು ವಾದ್ಯಗಳಲ್ಲಿ ಟ್ಯೂನರ್ ಸಿಕ್ಕಿಸಿದ ಕೂಡಲೇ ಆಂಪ್‌ನಲ್ಲಿ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತೆ. ಸಿಕ್ಕಿಸಿ, ತೆಗೆದು, ಎರಡೂ ಕೇಳಿ. ವ್ಯತ್ಯಾಸ ಗೊತ್ತಾದರೆ ಬಫರ್ (ಸಿಗ್ನಲ್ ಕುಗ್ಗದಂತೆ ಕಾಯುವ ಸರ್ಕ್ಯೂಟ್) ಇರುವ ಟ್ಯೂನರ್ ಬೇಕು.

ಯಾವ ಟ್ಯೂನರ್ ಇದ್ದರೂ ಕೊನೆಗೆ ಎರಡು ಪರೀಕ್ಷೆ ಕಿವಿಯಿಂದ ಮಾಡಿ. ಸಿ ಪೆಡಲ್ ಒತ್ತಿದರೆ ನಾಲ್ಕನೇ ತಂತಿ ಎಫ್ ಶಾರ್ಪ್ ಆಗುತ್ತೆ. ಒಂದನೇ ತಂತಿ ಖಾಲಿಯೇ ಎಫ್ ಶಾರ್ಪ್. ಎರಡೂ ಒಂದೇ ಸ್ವರ, ಒಟ್ಟಿಗೆ ಮೀಟಿದರೆ ಅಲೆ ಇರಬಾರದು. ಇ ತಂತಿ ಇಳಿಸುವ ಲಿವರ್ ತಳ್ಳಿದರೆ ನಾಲ್ಕನೆಯದು ಡಿ ಶಾರ್ಪ್, ಎರಡನೇ ತಂತಿಯೂ ಡಿ ಶಾರ್ಪ್. ಅಲ್ಲೂ ಅಷ್ಟೇ.

ಡಲ್ಲಾಸ್ ಹುಡುಗ ಹೊಸ ಟ್ಯೂನರ್ ಕೊಳ್ಳಲಿಲ್ಲ. ಅವನ ಹಳೇದರಲ್ಲೇ ಸೆಂಟ್ ಅಂಕಿ ಕಾಣುತ್ತಿತ್ತು. ಹತ್ತು ತಂತಿ, ಮೂರು ಪೆಡಲ್, ನಾಲ್ಕು ಲಿವರ್, ಎಲ್ಲದರ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಕೀಗಳ ಪಕ್ಕ ಅಂಟಿಸಿಕೊಂಡಿದ್ದಾನೆ. ನಿನ್ನೆ ಮತ್ತೆ ಫೋನ್ ಬಂತು. "ಅಣ್ಣ, ಎಲ್ಲಾ ಸೇರ್ತಿದೆ. ಮೂರನೇ ತಂತಿ ಮಾತ್ರ ದಿನಾ ಒಂದೆರಡು ಸೆಂಟ್ ಇಳೀತಿದೆ." ಅದು ಹತ್ತರಲ್ಲೇ ಅತಿ ತೆಳು ತಂತಿ, 0.011 ಇಂಚು. ಬಿ ಪೆಡಲ್ ಒತ್ತಿದಾಗಲೆಲ್ಲ ಅದನ್ನು ಎಳೆಯುತ್ತದೆ, ಚೇಂಜರ್ ಹತ್ತಿರ ಸವೆದು ಒಂದು ದಿನ ಪಟ್ ಅಂತ ಹೋಗುತ್ತೆ. ಇವತ್ತೇ ಬದಲಿಸು, ಹಾಗೇ ಪೆಟ್ಟಿಗೆಯಲ್ಲಿ ಇನ್ನೆರಡು ಇಟ್ಟುಕೋ ಅಂದೆ.